ಅಂಗೈಯಲ್ಲಿ ಬಣ್ಣದ ಕಡತ

ಹಳೇಬೀಡಿಗೆ ಬರುವ ಪ್ರವಾಸಿಗಳು ಹೊಯ್ಸಳೇಶ್ವರನ ದರ್ಶನ ಮುಗಿಸಿಕೊಂಡು ಬೇಲೂರಿನತ್ತಲೋ ಅರಸೀಕೆರೆಯತ್ತಲೋ ಹೊರಟುಬಿಡುವುದೇ ಹೆಚ್ಚು. ಹತ್ತಿರದಲ್ಲಿಯೇ ಇರುವ ಹುಲಿಕೆರೆಯವರೆಗೆ ಹೋಗಿಬರುವವರು ಕೆಲವರು ಮಾತ್ರ. ಆ ಚಿಕ್ಕ ಹಳ್ಳಿಯಲ್ಲಿ ಹನ್ನೆರಡನೆಯ ಶತಮಾನದ ಕಲ್ಯಾಣಿಯೊಂದುಂಟು. ನೀರಿನತ್ತ ಇಳಿಯುವ ಕಲ್ಲಿನ ಮೆಟ್ಟಲುಗಳ ನಡುವೆ ಸಾಲಾಗಿ ಪುಟ್ಟ ಪುಟ್ಟ ಗುಡಿಗಳು ನಿಂತಿವೆ. ಈ ಗುಡಿಗಳ ಸಾಲು ಹನ್ನೆರಡು ರಾಶಿಗಳನ್ನೂ ಇಪ್ಪತ್ತೇಳು ನಕ್ಷತ್ರಗಳನ್ನೂ ಸೂಚಿಸುತ್ತದೆಂದು ಹೇಳುವ ವಾಡಿಕೆ ಉಂಟು. ಹಾಗಾದರೆ ಅದನ್ನು ಕಲ್ಲಿನಲ್ಲಿ ಬರೆದಿಟ್ಟ ಪಂಚಾಂಗವೆಂದು ಕರೆದರೂ ಸಲ್ಲುವುದು.

ದಿನವನ್ನು, ಲೆಕ್ಕವನ್ನು, ಕೊಟ್ಟ ಮಾತನ್ನು ಮರೆಯದಂತೆ ಎಲ್ಲಿಯಾದರೂ ಗುರುತುಮಾಡಿ ಇಟ್ಟುಕೊಳ್ಳಬೇಕೆಂಬ ಹಂಬಲ ಮನುಷ್ಯನಿಗೆ ಬಹು ಪುರಾತನವಾದುದು. ಕನ್ನಡನಾಡಿನಲ್ಲಿ ಈ ಕೆಲಸಕ್ಕೆ ಒದಗಿದ ಸಾಧನಗಳಲ್ಲಿ ಕಡತವು ಪ್ರಸಿದ್ಧವಾದುದು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ ಸಿದ್ಧವಾಗುತ್ತಿತ್ತು. ಅದರ ಕಪ್ಪು ಮೈಮೇಲೆ ಬಳಪದಿಂದ ಬರೆಯಬಹುದು. ಬೇಡವಾದುದನ್ನು ಒರೆಸಿ ಮತ್ತೆ ಬರೆಯಬಹುದು. ಕಂಕುಳಲ್ಲಿ ಇರುಕಿಕೊಂಡು ಊರೂರು ತಿರುಗಬಹುದು. ಶಾನುಭೋಗರ ಲೆಕ್ಕ, ವರ್ತಕರ ಕೊಡುಕೊಳೆ, ಶೃಂಗೇರಿಯಂತಹ ಮಠದ ವ್ಯವಹಾರ, ಎಲ್ಲವೂ ಅದರಲ್ಲಿ ಅಡಗಿದ್ದುವು. ಕಪ್ಪು ಬಟ್ಟೆ ಮರೆಯಾಯಿತಾದರೂ ಹೆಸರು ಉಳಿದುಕೊಂಡಿತು. ಕಚೇರಿಯ ಕಾಗದದ ಕಟ್ಟಿಗೆ ಇಂದಿಗೂ ಕಡತವೆಂದೇ ಹೆಸರು. ಗಣಕಯಂತ್ರದೊಳಗಿನ ಬರಹಕ್ಕೂ ಅದೇ ಹೆಸರು.

ಪಟ್ಟಣದ ಗೃಹಸ್ಥರ ಮನೆಯಲ್ಲಿ ಈ ಕೆಲಸವನ್ನು ಗೋಡೆಯ ಕ್ಯಾಲೆಂಡರು ವಹಿಸಿಕೊಂಡಿತು. ಹಾಲಿನವನು ಬಾರದ ದಿನಕ್ಕೆ ಒಂದು ಗೀಟು, ಗ್ಯಾಸ್ ಸಿಲಿಂಡರು ಬಂದ ದಿನಕ್ಕೆ ಒಂದು ಸೊನ್ನೆ, ನಾದಿನಿಯ ಮಗುವಿನ ನಾಮಕರಣಕ್ಕೆ ಕೆಂಪು ಮಸಿಯ ಗುರುತು. ಪಕ್ಕದಲ್ಲಿ ಮೊಳೆಗೆ ತೂಗುಹಾಕಿದ ಒಂಟಿಕೊಪ್ಪಲ್ ಪಂಚಾಂಗ. ಯಜಮಾನರ ಜೇಬಿನಲ್ಲಿ ವಿಮಾ ಏಜೆಂಟರು ಹೊಸವರ್ಷಕ್ಕೆ ಕೊಟ್ಟ ಡೈರಿ. ಇವಿಷ್ಟನ್ನೂ ಒಂದೇ ಯಂತ್ರದಲ್ಲಿ ಅಡಗಿಸಿ ಅಂಗೈಯಲ್ಲಿ ಇಟ್ಟುಬಿಡುತ್ತೇವೆಂದು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಕೆಲವರು ಹೊರಟರು. ಅವರ ಯಂತ್ರವನ್ನು ಕೊಂಡವರು ಏನು ಕಂಡರು, ಏನು ಉಂಡರು ಎಂಬುದು ಸ್ವಾರಸ್ಯವಾದ ಕಥೆ. ಅದರ ಒಂದು ಮುಖ್ಯ ಅಧ್ಯಾಯ ನಡೆದುದು ನಮ್ಮ ಬೆಂಗಳೂರಿನಲ್ಲಿಯೇ.

ಬಣ್ಣ ಬಂದಿತು

ಅಮೆರಿಕದ ಜೆಫ್ ಹಾಕಿನ್ಸ್ ಎಂಬ ಶಿಲ್ಪಿ ಇಂಥ ಯಂತ್ರವನ್ನು ರೂಪಿಸುವ ಮೊದಲು ಅದೇ ಅಳತೆಯ ಮರದ ತುಂಡೊಂದನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದರಂತೆ. ಯಾರಾದರೂ ಭೇಟಿಯ ದಿನ ಕೇಳಿದರೆ ಆ ಮರದ ತುಂಡನ್ನೇ ಹೊರತೆಗೆದು ಬರೆದುಕೊಂಡಂತೆ ನಟಿಸುವರು. ಜೇಬಿಗೆ ಎಷ್ಟು ಭಾರ ಸಹ್ಯ, ಕೈಗೆ ಎಷ್ಟು ಅಗಲ ಹಿತ ಎಂಬುದನ್ನು ಅದರಿಂದ ಅರಿತುಕೊಂಡರು. ೧೯೯೬ರಲ್ಲಿ ಅವರ ಪೈಲಟ್ ಎಂಬ ಯಂತ್ರ ಹೊರಬಂದಿತು. ವಿಳಾಸ, ದಿನಚರಿ, ಮಾಡಬೇಕಾದ ಕೆಲಸಗಳ ಪಟ್ಟಿ, ಟಿಪ್ಪಣಿ, ಇವೇ ಅದರ ನಾಲ್ಕು ಮುಖ್ಯ ಕೆಲಸಗಳು. ಪರದೆ ಕಪ್ಪು-ಬಿಳುಪಿನದು.

ಕಪ್ಪು-ಬಿಳುಪಿನ ಚಿತ್ರ ನೋಡಿದವರಿಗೆ ವರ್ಣಚಿತ್ರದ ಆಸೆ ಹುಟ್ಟುವುದು ಸಹಜವಷ್ಟೆ. ೧೯೯೯ರಲ್ಲಿ ಜಪಾನಿನ ಕ್ಯಾಸಿಯೋ ಸಂಸ್ಥೆಯ ಬಣ್ಣದ ಅಂಗೈಗಣಕವು ಪೇಟೆಗೆ ಬಂದಿತು. ಮರುವರ್ಷ, ಎಂದರೆ ೨೦೦೦ದ ಫೆಬ್ರವರಿಯಲ್ಲಿ, ಪಾಮ್ ಸಂಸ್ಥೆಯು ತನ್ನ ಮೊದಲ ಬಣ್ಣದ ಮಾದರಿಯಾದ ಪಾಮ್ ೩-ಸಿಯನ್ನು ಹೊರತಂದಿತು. ಬೆಲೆ ೪೪೯ ಡಾಲರು. ಅಂದಿನ ವಿನಿಮಯದಲ್ಲಿ ಸುಮಾರು ಇಪ್ಪತ್ತು ಸಾವಿರ ರೂಪಾಯಿ. ಬೆಂಗಳೂರಿನ ಮಧ್ಯಮವರ್ಗದ ಮನೆಗಳಿಗೆ ಇಂಥ ಯಂತ್ರವು ಹೆಚ್ಚಾಗಿ ಅಮೆರಿಕದಿಂದ ರಜೆಗೆ ಬಂದ ಮಗನ ಅಥವಾ ಅಳಿಯನ ಪೆಟ್ಟಿಗೆಯಲ್ಲಿ ಬಂದಿಳಿಯುತ್ತಿದ್ದಿತು. ಮನೆಮಂದಿಯೆಲ್ಲ ಸುತ್ತ ಕುಳಿತು, ಹೆಬ್ಬೆರಳಿನಷ್ಟು ಅಗಲದ ಕ್ಯಾಲೆಂಡರಿನಲ್ಲಿ ಕೆಂಪು, ನೀಲಿ, ಹಸುರು ಮಿನುಗುವುದನ್ನು ಕಂಡು ಬೆರಗಾಗುವರು. ಬೆರಗು ಮೊದಲ ದಿನದ್ದು. ಅನುಭವ ಅನಂತರದ ದಿನಗಳದ್ದು.

ಬಿಸಿಲಿನ ಪರೀಕ್ಷೆ

ಮೊದಲ ಪಾಠವನ್ನು ಹೇಳಿಕೊಟ್ಟವನು ಸೂರ್ಯ. ಪಾಮ್ ೩-ಸಿಯಂತಹ ಯಂತ್ರದ ಬಣ್ಣದ ಪರದೆಯು ತನ್ನ ಬೆನ್ನ ಹಿಂದಿನ ಪುಟ್ಟ ದೀಪದಿಂದ ಬೆಳಗುತ್ತಿದ್ದಿತು. ಕೋಣೆಯೊಳಗೆ ಅದು ಬಲು ಸೊಗಸು. ಕತ್ತಲೆಯಲ್ಲಿ ಇನ್ನೂ ಸೊಗಸು. ಆದರೆ ಅದೇ ಯಂತ್ರವನ್ನು ಹಿಡಿದು ಬಸ್ ನಿಲ್ದಾಣದ ಬಿಸಿಲಿಗೆ ಬಂದರೆ ಬಣ್ಣವೆಲ್ಲ ಮಾಯವಾಗಿ ಪರದೆ ತೊಳೆದ ಹಲಗೆಯಂತಾಗುವುದು. ಸ್ನೇಹಿತನ ಮನೆಯ ವಿಳಾಸ ಯಂತ್ರದಲ್ಲಿದೆ, ಕಣ್ಣಿಗೆ ಮಾತ್ರ ಕಾಣುತ್ತಿಲ್ಲ! ಕೊಂಡವರು ಮರದ ನೆರಳನ್ನು ಹುಡುಕಿದರು. ಅಂಗೈಯನ್ನು ಕೊಡೆಯಂತೆ ಹಿಡಿದರು. ಹಳೆಯ ಕಪ್ಪು-ಬಿಳುಪಿನ ಪರದೆಗೆ ಈ ತೊಂದರೆ ಇರಲಿಲ್ಲ. ಸುತ್ತಲಿನ ಬೆಳಕನ್ನೇ ಹಿಂದಿರುಗಿಸಿ ತೋರುವ ಗುಣ ಅದಕ್ಕಿದ್ದುದರಿಂದ ಬಿಸಿಲು ಏರಿದಷ್ಟೂ ಅದು ಸ್ಪಷ್ಟವಾಗುತ್ತಿದ್ದಿತು. ಅದೇ ಗುಣವನ್ನು ಬಣ್ಣದ ಪರದೆಗೂ ತರುವ ಪ್ರಯತ್ನ ಬೇಗನೆ ನಡೆಯಿತು; ಕಾಂಪ್ಯಾಕ್ ಸಂಸ್ಥೆಯ ಐಪ್ಯಾಕ್ ೨೦೦೦ದಲ್ಲಿಯೇ ಅಂಥ ಪರದೆಯೊಡನೆ ಬಂದಿತು.

ಬಿಸಿಲು ಧಾರಾಳವಾಗಿರುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ನೆರಳಿನಲ್ಲಿ ಕುಳಿತು ಕೆಲಸಮಾಡುವವನಿಗೆ ಒಪ್ಪುವ ಯಂತ್ರವು ಹೊಲದ ಬದುವಿನ ಮೇಲೆ ನಿಂತವನಿಗೂ ಒಪ್ಪಬೇಕೆಂಬ ನಿಯಮವಿಲ್ಲ.

ಯಂತ್ರದ ಅಕ್ಷರಾಭ್ಯಾಸ

ಎರಡನೆಯ ಪಾಠ ಇನ್ನೂ ವಿನೋದವಾದುದು. ಈ ಯಂತ್ರಗಳಿಗೆ ಕೀಲಿಮಣೆ ಇರಲಿಲ್ಲ. ಸ್ಟೈಲಸ್ ಎಂಬ ಕಡ್ಡಿಯಿಂದ ಪರದೆಯ ಕೆಳಭಾಗದಲ್ಲಿ ಬರೆಯಬೇಕು. ಆದರೆ ಬರೆಯುವವನ ಅಕ್ಷರವನ್ನು ಪಾಮ್ ಯಂತ್ರ ಇದ್ದಂತೆಯೇ ಒಪ್ಪದು. ಅದಕ್ಕೆಂದೇ ಗ್ರಾಫಿಟಿ ಎಂಬ ಒಂದು ಲಿಪಿಯನ್ನು ರೂಪಿಸಿದ್ದರು. ಇಂಗ್ಲಿಷಿನ ‘ಎ’ ಬರೆಯುವಾಗ ನಡುವಿನ ಅಡ್ಡಗೆರೆಯನ್ನು ಬಿಟ್ಟು, ಗುಡಿಸಲಿನ ಮಾಡಿನಂತೆ ಏರಿಸಿ ಇಳಿಸಬೇಕು. ಬಹುತೇಕ ಅಕ್ಷರಗಳಿಗೆ ಒಂದೇ ಎಳೆತ. ಕಡ್ಡಿಯನ್ನು ನಡುವೆ ಎತ್ತಿದರೆ ಅರ್ಥ ಕೆಟ್ಟಿತು. ಡಾಕ್ಟರುಗಳೂ ವಕೀಲರೂ ಬ್ಯಾಂಕ್ ಅಧಿಕಾರಿಗಳೂ ಮತ್ತೊಮ್ಮೆ ಒಂದನೆಯ ತರಗತಿಯ ಮಕ್ಕಳಾಗಿ ಅಕ್ಷರ ತಿದ್ದಬೇಕಾಯಿತು. ಛಲ ಹಿಡಿದು ಕಲಿತವರು ವೇಗವಾಗಿ ಬರೆಯಬಲ್ಲವರಾದರು. ಕಲಿಯದವರ ಯಂತ್ರ ಮೇಜಿನ ಸೆಳೆಖಾನೆ ಸೇರಿತು.

ಇಂಗ್ಲಿಷ್ ಬಲ್ಲವರ ಪಾಡೇ ಹೀಗಾದರೆ ಕನ್ನಡದ ಪಾಡೇನು? ಒತ್ತಕ್ಷರವಿರುವ, ಕೊಂಬು ಗುಡಿಸುಗಳಿರುವ ನಮ್ಮ ಲಿಪಿಗೆ ಆ ಒಂದೆಳೆತದ ವ್ಯವಸ್ಥೆಯಲ್ಲಿ ಎಡೆಯೇ ಇರಲಿಲ್ಲ. ಸೋದರತ್ತೆಯ ಹೆಸರನ್ನೂ ಇಂಗ್ಲಿಷಿನಲ್ಲಿ ಬರೆಯಬೇಕು; ‘ಯುಗಾದಿ ಹಬ್ಬಕ್ಕೆ ಬೇವು ತರುವುದು’ ಎಂಬುದನ್ನೂ ಇಂಗ್ಲಿಷಿನಲ್ಲಿಯೇ ನೆನಪಿಡಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ತನ್ನ ಕನ್ನಡದಲ್ಲಿ ಸಂಸಾರವನ್ನೆಲ್ಲ ತೂಗಿಸುತ್ತಿದ್ದ ಗೃಹಿಣಿಗೆ ಈ ದುಬಾರಿ ಯಂತ್ರ ಯಜಮಾನರ ಆಟದ ವಸ್ತುವಾಗಿ ತೋರಿದ್ದರಲ್ಲಿ ಅಚ್ಚರಿಯಿಲ್ಲ. ಮನುಷ್ಯ ಯಂತ್ರದ ಅಕ್ಷರವನ್ನು ಕಲಿಯಬೇಕೇ, ಯಂತ್ರ ಮನುಷ್ಯನ ಅಕ್ಷರವನ್ನು ಕಲಿಯಬೇಕೇ? ಅಂಗೈಗಣಕದ ಇತಿಹಾಸವೆಲ್ಲ ಈ ಒಂದು ಪ್ರಶ್ನೆಯ ಸುತ್ತ ತಿರುಗುತ್ತದೆ.

ನೆನಪು ಅಳಿದ ಬೆಳಗು

ಮೂರನೆಯ ಪಾಠ ಮಾತ್ರ ವಿನೋದದ್ದಲ್ಲ. ಆ ಕಾಲದ ಬಹುತೇಕ ಅಂಗೈಗಣಕಗಳು ತಮ್ಮೊಳಗೆ ಬರೆದುದನ್ನು ಇಟ್ಟುಕೊಳ್ಳುತ್ತಿದ್ದುದು ವಿದ್ಯುತ್ತಿನ ಆಧಾರದಿಂದಲೇ ಬದುಕುವ ಸ್ಮೃತಿಕೋಶದಲ್ಲಿ. ಬ್ಯಾಟರಿ ಪೂರ್ತಿಯಾಗಿ ಬರಿದಾದರೆ ನೆನಪೂ ಬರಿದಾಗುತ್ತಿದ್ದಿತು. ಕಪ್ಪು-ಬಿಳುಪಿನ ಮಾದರಿಗಳು ಎರಡು ಸಣ್ಣ ಸೆಲ್ಲುಗಳಲ್ಲಿ ವಾರಗಟ್ಟಲೆ ನಡೆಯುತ್ತಿದ್ದುವು. ಸೆಲ್ಲನ್ನು ಯಾವ ಅಂಗಡಿಯಲ್ಲಿಯಾದರೂ ಕೊಳ್ಳಬಹುದಾಗಿತ್ತು. ಬಣ್ಣದ ಪರದೆಯ ದೀಪಕ್ಕಾದರೋ ಹಸಿವು ಹೆಚ್ಚು. ಅದನ್ನು ವಿದ್ಯುತ್ ತೊಟ್ಟಿಲಿನಲ್ಲಿ ಮಲಗಿಸಿ ಉಣಿಸಬೇಕು. ಊರಿಗೆ ಹೋದಾಗ ತೊಟ್ಟಿಲನ್ನು ಮನೆಯಲ್ಲಿ ಮರೆತು, ಎರಡು ವಾರ ಕಳೆದು ಬಂದು ನೋಡಿದರೆ ಯಂತ್ರವು ಅಂಗಡಿಯ ಪೆಟ್ಟಿಗೆಯಿಂದ ಅಂದೇ ಹೊರತೆಗೆದಂತೆ ಸ್ವಚ್ಛ! ವಿಳಾಸವಿಲ್ಲ, ದಿನಚರಿಯಿಲ್ಲ, ಲೆಕ್ಕವಿಲ್ಲ.

ದೊಡ್ಡ ಗಣಕಯಂತ್ರಕ್ಕೆ ಜೋಡಿಸಿ ಒಂದು ಗುಂಡಿ ಒತ್ತಿದರೆ ಎಲ್ಲದರ ಪ್ರತಿಯೂ ಅಲ್ಲಿ ದಾಖಲಾಗುವ ಉಪಾಯವನ್ನು ತಯಾರಕರು ಮಾಡಿಯೇ ಇದ್ದರು. ದಿನವೂ ಆ ಗುಂಡಿ ಒತ್ತಿದವರು ಹತ್ತು ನಿಮಿಷದಲ್ಲಿ ಕಳೆದುದನ್ನು ಮರಳಿ ಪಡೆದರು. ‘ನಾಳೆ ಒತ್ತಿದರಾಯಿತು’ ಎಂದವರು ಹಳೆಯ ಡೈರಿಯನ್ನು ಅಟ್ಟದಿಂದ ಇಳಿಸಿ ಮೊದಲಿನಿಂದ ಬರೆದರು. ಇದ್ದಿಲು ಬಳಿದ ಬಟ್ಟೆಯ ಕಡತಗಳು ಶತಮಾನಗಳನ್ನು ದಾಟಿ ಬಂದಿರುವಾಗ ಇಪ್ಪತ್ತು ಸಾವಿರ ರೂಪಾಯಿಯ ಕಡತ ಹದಿನೈದು ದಿನದ ಉಪವಾಸವನ್ನು ತಾಳದೇಹೋದುದು ವಿಚಿತ್ರವೇ ಸರಿ.

ಬೆಂಗಳೂರಿನ ಉತ್ತರ

ಈ ನಡುವೆ ಬೆಂಗಳೂರಿನಲ್ಲಿ ಬೇರೊಂದು ದಿಕ್ಕಿನ ಆಲೋಚನೆ ಮೊಳೆತಿದ್ದಿತು. ೧೯೯೮ರ ಅಕ್ಟೋಬರಿನಲ್ಲಿ ಇಲ್ಲಿ ನಡೆದ ಒಂದು ಅಂತರರಾಷ್ಟ್ರೀಯ ಗೋಷ್ಠಿಯಲ್ಲಿ, ಹಿಂದುಳಿದ ದೇಶಗಳ ಸಾಮಾನ್ಯ ಜನರಿಗೆ ಮಾಹಿತಿ ತಂತ್ರಜ್ಞಾನದಿಂದ ಏನು ಪ್ರಯೋಜನವೆಂಬ ಪ್ರಶ್ನೆ ಚರ್ಚೆಗೆ ಬಂದಿತು. ಅದರ ಫಲವಾಗಿ ಭಾರತೀಯ ವಿಜ್ಞಾನ ಮಂದಿರದ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಇವರೂ, ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ವಿನಯ್ ದೇಶಪಾಂಡೆ ಮತ್ತು ಅವರ ಸಹೋದ್ಯೋಗಿಗಳೂ ಒಟ್ಟುಗೂಡಿ ಸಿಂಪ್ಯೂಟರ್ ಎಂಬ ಯಂತ್ರವನ್ನು ರೂಪಿಸಿದರು. ಸರಳವಾದ, ಅಗ್ಗದ, ಬಹುಭಾಷೆಯ ಕಂಪ್ಯೂಟರ್ ಎಂಬುದೇ ಆ ಹೆಸರಿನ ಅರ್ಥ. ೨೦೦೧ರ ಏಪ್ರಿಲಿನಲ್ಲಿ ಅದರ ಮಾದರಿಯನ್ನು ಲೋಕದ ಮುಂದಿಟ್ಟರು. ಅದೇ ವರ್ಷ ಅಮೆರಿಕದ ಲೇಖಕ ಬ್ರೂಸ್ ಸ್ಟರ್ಲಿಂಗ್ ಅವರು ‘ನ್ಯೂಯಾರ್ಕ್ ಟೈಮ್ಸ್’ನ ವಾರದ ಪುರವಣಿಯಲ್ಲಿ ಅದನ್ನು ಆ ವರ್ಷದ ಮಹತ್ತ್ವದ ಗಣಕ ಸಾಧನೆಯೆಂದು ಕೊಂಡಾಡಿದರು.

ಅಮೆರಿಕದ ಅಂಗೈಗಣಕವು ಒಬ್ಬನ ಜೇಬಿಗಾಗಿ ಹುಟ್ಟಿದುದು; ಸಿಂಪ್ಯೂಟರಾದರೋ ಒಂದು ಊರಿಗಾಗಿ ಹುಟ್ಟಿದುದು. ಒಬ್ಬ ರೈತನಿಗೆ ಒಂಬತ್ತು ಸಾವಿರ ರೂಪಾಯಿಯ ಯಂತ್ರವನ್ನು ಕೊಳ್ಳುವ ಶಕ್ತಿ ಎಲ್ಲಿಯದು? ಆದ್ದರಿಂದ ಯಂತ್ರವು ಪಂಚಾಯಿತಿಯಲ್ಲೋ, ಶಾಲೆಯಲ್ಲೋ, ದಿನಸಿ ಅಂಗಡಿಯಲ್ಲೋ ಇರಲಿ. ಪ್ರತಿಯೊಬ್ಬನೂ ತನ್ನದೊಂದು ಸ್ಮಾರ್ಟ್ ಕಾರ್ಡನ್ನು ಇಟ್ಟುಕೊಳ್ಳಲಿ. ಕಾರ್ಡನ್ನು ತೂರಿಸಿದರೆ ಯಂತ್ರ ಅವನದು, ಹೊರತೆಗೆದರೆ ಮುಂದಿನವನದು. ಓದು ಬಾರದವರಿಗಾಗಿ ಬರಹವನ್ನು ಓದಿಹೇಳುವ ‘ಧ್ವನಿ’ ಎಂಬ ತಂತ್ರಾಂಶವನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಹೊಂದಿಸಿದರು. ವಿದ್ಯುತ್ ಹೋದರೂ ಅಳಿಯದ ಫ್ಲ್ಯಾಶ್ ಸ್ಮೃತಿಕೋಶವನ್ನು ಅದರಲ್ಲಿ ಅಳವಡಿಸಿದರು.

ಪ್ರಾಧ್ಯಾಪಕರ ಪಿಕೋಪೀಟಾ ಸಂಸ್ಥೆಯು ಇದೇ ತತ್ತ್ವದ ಮೇಲೆ ರೂಪಿಸಿದ ಅಮಿಡಾ ಎಂಬ ಯಂತ್ರವನ್ನು ಸರ್ಕಾರಿ ಉದ್ಯಮವಾದ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿತು. ೨೦೦೪ರಲ್ಲಿ ಅದು ಪೇಟೆಗೆ ಬಂದಿತು. ಕಪ್ಪು-ಬಿಳುಪಿನ ಮೊದಲ ಮಾದರಿಗೆ ೯,೯೫೦ ರೂಪಾಯಿ. ಬಣ್ಣದ ಮಾದರಿಗೆ ೧೯,೯೫೦.

ಅಮಿಡಾದ ಒಂದು ಗುಣ ಕನ್ನಡಿಗರಿಗೆ ವಿಶೇಷವಾಗಿ ಹಿಡಿಸುವಂಥದು. ಪರದೆಯ ಮೇಲೆ ಕಡ್ಡಿಯಿಂದ ನಿಮ್ಮ ಸ್ವಂತ ಕೈಬರಹದಲ್ಲಿ ಏನನ್ನಾದರೂ ಗೀಚಿ, ಹಾಗೆಯೇ ಇಟ್ಟುಕೊಳ್ಳಬಹುದು. ಹಾಗೆಯೇ ಮಿಂಚಂಚೆಯಲ್ಲಿ ಕಳುಹಿಸಬಹುದು. ಕನ್ನಡವೇ ಇರಲಿ, ಮೋಡಿಯೇ ಇರಲಿ, ಮಗು ಬರೆದ ಬೊಂಬೆಯೇ ಇರಲಿ, ಯಂತ್ರಕ್ಕೆ ಬೇಸರವಿಲ್ಲ. ಬಳಪ ಹಿಡಿದು ಕಡತದ ಮೇಲೆ ಬರೆದಂತೆ! ಅಕ್ಷರವನ್ನು ಗುರುತಿಸಿ ಅಚ್ಚಿನಕ್ಷರವಾಗಿ ಮಾರ್ಪಡಿಸುವ ಶಕ್ತಿ ಈ ಗೀಚುವಿಕೆಗೆ ಇರಲಿಲ್ಲವೆಂಬುದು ನಿಜ. ಆದರೆ ಬರೆಯುವವನನ್ನು ಅದು ಮತ್ತೆ ಅಕ್ಷರಾಭ್ಯಾಸಕ್ಕೆ ಕೂರಿಸಲಿಲ್ಲ. ಇನ್ನೊಂದು ಸೋಜಿಗವೆಂದರೆ ಯಂತ್ರದ ಅಲುಗಾಟವನ್ನು ಗ್ರಹಿಸುವ ಅಂಗವೂ ಅದರೊಳಗಿದ್ದಿತು. ಕೈಯನ್ನು ತುಸು ಕೊಡವಿದರೆ ಪುಟ ಮಗುಚುತ್ತಿದ್ದಿತು. ಇಂಥದೇ ಅಂಗವುಳ್ಳ ಐಫೋನ್ ಬಂದು ಜಗತ್ತನ್ನು ಬೆರಗುಗೊಳಿಸಿದುದು ೨೦೦೭ರಲ್ಲಿ.

ಹೊಲದ ಬದುವಿನಲ್ಲಿ

ಸಿಂಪ್ಯೂಟರನ್ನು ದಿನದ ಕೆಲಸಕ್ಕೆ ಹಚ್ಚಿ ನೋಡಿದವರು ಹೆಚ್ಚಾಗಿ ಮೇಜಿನ ಮುಂದೆ ಕುಳಿತವರಲ್ಲ. ಮೈಸೂರಿನ ಸಂಘಮಿತ್ರ ಸಂಸ್ಥೆಯು ಸ್ವಸಹಾಯ ಸಂಘಗಳ ಕಿರುಸಾಲದ ವ್ಯವಹಾರಕ್ಕೆ ಅದನ್ನು ಬಳಸಿತು. ಗೋವೆಯ ಡೆಂಪೋ ಸಂಸ್ಥೆಯಲ್ಲಿ ಗಣಿಯ ಬಾಯಿಂದ ಹಡಗಿನವರೆಗೆ ಕಬ್ಬಿಣದ ಅದುರು ಸಾಗುವುದರ ಲೆಕ್ಕ ಇಡುವುದಕ್ಕೂ, ಮುಂಬಯಿಯ ಮಹೀಂದ್ರಾ ಸಂಸ್ಥೆಯಲ್ಲಿ ಮೋಟಾರು ಎಂಜಿನ್ನುಗಳ ದೋಷ ಪತ್ತೆಮಾಡುವುದಕ್ಕೂ ಅದು ಒದಗಿತು.

ಕರ್ನಾಟಕ ಸರ್ಕಾರವು ಅದನ್ನು ಭೂದಾಖಲೆಯ ಕೆಲಸಕ್ಕೆ ತೆಗೆದುಕೊಂಡುದು ಎಲ್ಲಕ್ಕಿಂತ ಅರ್ಥಪೂರ್ಣವಾದ ಪ್ರಯೋಗ. ಹುಲಿಕೆರೆಯಂತಹ ಹಳ್ಳಿಯಲ್ಲಿ ಪಹಣಿಯೇ ರೈತನ ಪ್ರಾಣ. ಸಾಲಕ್ಕೆ ಪಹಣಿ ಬೇಕು, ಮಾರಾಟಕ್ಕೆ ಬೇಕು, ದಾಯಾದಿಯ ವ್ಯಾಜ್ಯಕ್ಕೆ ಬೇಕು. ಮೊದಲು ಅದು ಶಾನುಭೋಗರ ಕೈಯಲ್ಲಿದ್ದಿತು. ವಂಶಪಾರಂಪರ್ಯದ ಆ ಹುದ್ದೆಯನ್ನು ೧೯೬೧ರ ಕಾಯಿದೆ ರದ್ದುಮಾಡಿದ ಮೇಲೆ ಗ್ರಾಮಲೆಕ್ಕಿಗರ ಕೈಸೇರಿತು. ‘ಭೂಮಿ’ ಯೋಜನೆಯು ಸುಮಾರು ಎರಡು ಕೋಟಿ ಭೂದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿತು. ರೈತನು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಹದಿನೈದು ರೂಪಾಯಿ ಕೊಟ್ಟು ಮುದ್ರಿತ ಪಹಣಿಯನ್ನು ಪಡೆಯುವಂತಾಯಿತು.

ಆದರೆ ಹೊಲದಲ್ಲಿ ಈ ಬಾರಿ ರಾಗಿಯೋ ಜೋಳವೋ ಎಂಬುದು ತಾಲ್ಲೂಕು ಕಚೇರಿಯ ಯಂತ್ರಕ್ಕೆ ಹೇಗೆ ತಿಳಿಯಬೇಕು? ಬದುವಿನ ಮೇಲೆ ನಿಂತು ಕಣ್ಣಾರೆ ಕಂಡವನೇ ಅದನ್ನು ಬರೆಯಬೇಕು. ಪುಸ್ತಕದಲ್ಲಿ ಬರೆದು, ಕಚೇರಿಗೆ ಒಯ್ದು, ಅಲ್ಲಿ ಮತ್ತೊಬ್ಬನು ಯಂತ್ರಕ್ಕೆ ಏರಿಸುವಷ್ಟರಲ್ಲಿ ತಪ್ಪುಗಳು ನುಸುಳುವುವು. ಹೊಲದಲ್ಲಿಯೇ ಅಂಗೈಗಣಕದಲ್ಲಿ ನಮೂದಿಸಿಬಿಟ್ಟರೆ ಎರಡನೆಯ ಬರವಣಿಗೆಯೇ ಬೇಡ. ದಾಖಲೆಯ ಸಂಗ್ರಹಕ್ಕೆ ಸಿಂಪ್ಯೂಟರ್ ಒದಗಿದುದರ ಮರ್ಮ ಇದು. ಬಿಸಿಲಿನಲ್ಲಿಯೂ ಕಾಣಬೇಕು, ಕನ್ನಡದಲ್ಲಿಯೂ ಇರಬೇಕು, ಬರೆದುದು ಅಳಿಯಬಾರದು: ಬಣ್ಣದ ಯಂತ್ರ ಕೊಂಡ ಪಟ್ಟಣದವರು ಕಷ್ಟಪಟ್ಟು ಕಲಿತ ಮೂರು ಪಾಠಗಳೂ ಹಳ್ಳಿಯ ಕೆಲಸಕ್ಕೆ ಮೊದಲ ಷರತ್ತುಗಳಾಗಿದ್ದುವು.

ಪೇಟೆಯ ತಕ್ಕಡಿ

ಇಷ್ಟೆಲ್ಲ ಗುಣಗಳಿದ್ದರೂ ಪೇಟೆಯಲ್ಲಿ ಅದು ಗೆಲ್ಲಲಿಲ್ಲ. ಒಂದು ವರ್ಷದಲ್ಲಿ ಐವತ್ತು ಸಾವಿರ ಯಂತ್ರಗಳು ಮಾರಾಟವಾದಾವೆಂಬ ಆಶೆಯಿದ್ದಿತು. ೨೦೦೫ರ ಹೊತ್ತಿಗೆ ಮಾರಾಟವಾದುವು ಸುಮಾರು ನಾಲ್ಕು ಸಾವಿರವೆಂದು ವರದಿಯಾಯಿತು. ಕಾರಣಗಳು ಒಂದೆರಡಲ್ಲ. ಬಿಡಿಭಾಗಗಳನ್ನು ಲಕ್ಷಗಟ್ಟಲೆ ಕೊಂಡರೆ ಮಾತ್ರ ಬೆಲೆ ಇಳಿಯುವುದು. ಬೆಲೆ ಇಳಿದರೆ ಮಾತ್ರ ಲಕ್ಷಗಟ್ಟಲೆ ಜನ ಕೊಳ್ಳುವರು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯಂತಾಯಿತು ತಯಾರಕರ ಗತಿ. ಬಣ್ಣದ ಮಾದರಿಯ ಬೆಲೆಯಾದರೋ ಪರದೇಶದ ಯಂತ್ರಗಳ ಮಟ್ಟಕ್ಕೇ ಏರಿದ್ದಿತು. ಊರಿಗೊಂದು ಯಂತ್ರವೆಂಬ ಕನಸು ಫಲಿಸಬೇಕಾದರೆ ಸರ್ಕಾರಗಳು ದೊಡ್ಡ ಪ್ರಮಾಣದಲ್ಲಿ ಕೊಳ್ಳಬೇಕಾಗಿದ್ದಿತು, ಅದು ಆಗಲಿಲ್ಲ. ಅಷ್ಟರಲ್ಲಿ ಮೊಬೈಲ್ ದೂರವಾಣಿ ಅಗ್ಗವಾಗಿ ಮನೆಮನೆಗೆ ನುಗ್ಗಿತು. ಬರಿದೇ ನೆನಪಿಡುವ ಯಂತ್ರಕ್ಕಿಂತ ಮಾತನಾಡಿಸುವ ಯಂತ್ರ ಜನರಿಗೆ ಪ್ರಿಯವಾಯಿತು. ೨೦೦೬ರಲ್ಲಿ ಪಿಕೋಪೀಟಾ ಸಂಸ್ಥೆಯು ಮುಂಬಯಿಯ ಜಿಯೋಡೆಸಿಕ್ ಸಂಸ್ಥೆಯ ವಶವಾಯಿತು. ಅಮೆರಿಕದ ಅಂಗೈಗಣಕಗಳೂ ಹೆಚ್ಚು ಕಾಲ ಬದುಕಲಿಲ್ಲ. ಕೆಲವೇ ವರ್ಷಗಳಲ್ಲಿ ದೂರವಾಣಿಯು ಅವೆಲ್ಲವನ್ನೂ ತನ್ನ ಹೊಟ್ಟೆಗೆ ಹಾಕಿಕೊಂಡಿತು.

ಉಳಿದುದೇನು?

ಯಂತ್ರ ಹೋದರೂ ಅದನ್ನು ಕೊಂಡವರ, ಬಳಸಿದವರ ಅನುಭವ ವ್ಯರ್ಥವಾಗಲಿಲ್ಲ. ಇಂದಿನ ದೂರವಾಣಿಯ ಪರದೆ ಬಿಸಿಲಿನಲ್ಲಿಯೂ ಓದಲು ಬರುತ್ತದೆ. ಬ್ಯಾಟರಿ ಬರಿದಾದರೆ ಅದು ನಿದ್ರಿಸುತ್ತದೆಯೇ ಹೊರತು ಮರೆಯುವುದಿಲ್ಲ. ಬೆರಳಿನಿಂದ ಗೀಚಿದ ಕನ್ನಡವನ್ನು ಗುರುತಿಸಿ ಅಚ್ಚಿನಕ್ಷರವಾಗಿಸುವ ತಂತ್ರಾಂಶವೂ ಈಗ ಉಂಟು. ಯಂತ್ರವೇ ಮನುಷ್ಯನ ಅಕ್ಷರವನ್ನು ಕಲಿಯುವ ಕಾಲ ಕೊನೆಗೂ ಬಂದಿತು. ೨೦೨೦ರಲ್ಲಿ ಕರ್ನಾಟಕ ಸರ್ಕಾರವು ಬೆಳೆ ಸಮೀಕ್ಷೆಯ ತಂತ್ರಾಂಶವನ್ನು ರೈತರ ಕೈಗೇ ಕೊಟ್ಟಿತು. ಶಾನುಭೋಗರ ಕಡತವನ್ನು ದೂರದಿಂದ ನೋಡುತ್ತಿದ್ದವರ ಮೊಮ್ಮಕ್ಕಳು ತಮ್ಮ ಹೊಲದಲ್ಲಿ ನಿಂತು, ಬೆಳೆಯ ಚಿತ್ರ ತೆಗೆದು, ತಾವೇ ಅದನ್ನು ದಾಖಲಿಸುವಂತಾಯಿತು. ೧೯೯೮ರಲ್ಲಿ ಬೆಂಗಳೂರಿನಲ್ಲಿ ಕೆಲವರು ಕಂಡ ಕನಸು ಬೇರೊಂದು ಯಂತ್ರದ ವೇಷ ತೊಟ್ಟು ನಿಜವಾಯಿತೆನ್ನಬಹುದು.

ಒಂದು ಎಚ್ಚರಿಕೆ ಮಾತ್ರ ಹಳೆಯದಾಗಿಲ್ಲ. ಮನೆಯ ಮದುವೆಯ ಚಿತ್ರಗಳು, ತಾಯಿಯ ಔಷಧದ ಚೀಟಿ, ಬಂಧುಗಳ ವಿಳಾಸ, ಹಣಕಾಸಿನ ಲೆಕ್ಕ, ಎಲ್ಲವನ್ನೂ ಇಂದು ಒಂದೇ ಯಂತ್ರಕ್ಕೆ ಒಪ್ಪಿಸಿ ನಿಶ್ಚಿಂತರಾಗಿರುವ ಕುಟುಂಬಗಳು ಎಷ್ಟಿಲ್ಲ? ಯಂತ್ರ ಕೆಳಗೆ ಬಿದ್ದು ಒಡೆಯಬಹುದು, ಬಸ್ಸಿನಲ್ಲಿ ಕಳೆದುಹೋಗಬಹುದು. ‘ನಾಳೆ ಪ್ರತಿ ಇಟ್ಟರಾಯಿತು’ ಎಂದುಕೊಂಡ ಬಣ್ಣದ ಅಂಗೈಗಣಕದ ಒಡೆಯರು ಎರಡು ದಶಕಗಳ ಹಿಂದೆ ತೆತ್ತ ಬೆಲೆಯನ್ನು ನೆನೆದು, ಮುಖ್ಯವಾದುದರ ಇನ್ನೊಂದು ಪ್ರತಿಯನ್ನು ಬೇರೆ ಕಡೆಯಲ್ಲಿ ಇಡುವುದು ಜಾಣತನ. ಅಡುಗೆಮನೆಯ ಗೋಡೆಯ ಕ್ಯಾಲೆಂಡರನ್ನೂ ಅವಸರಪಟ್ಟು ಇಳಿಸಬೇಕಾಗಿಲ್ಲ. ಅದಕ್ಕೆ ಬ್ಯಾಟರಿ ಬೇಡ. ಕನ್ನಡವೂ ಚೆನ್ನಾಗಿ ಬರುತ್ತದೆ.